ಮೂವತ್ತೈದರ ಲೆನ್ಸ್ ತನ್ನಿ

ಪ್ರೀತಿಯ ಅಪ್ಪಾ,

"ಕೈ ನಡುಗುತ್ತೆ ಪುಟ್ಟಿ, ನಿನ್ನ ಮದುವೆ ಫೋಟೋಗೆ ಬೇರೆ ಯಾರನ್ನಾದ್ರೂ ಕರ್ಕೋ" ಎಂದು ನೀವು ಫೋನ್ ಇಟ್ಟುಬಿಟ್ಟಿರಿ. ಕರೆದಿದ್ದೇನೆ. ಗುಂಪಿನ ಚಿತ್ರಗಳೆಲ್ಲ ಅವರ ಪಾಲಿಗೆ. ನಾನು ಸಹಿ ಹಾಕುವ ಗಳಿಗೆ ಮಾತ್ರ ನಿಮಗೇ ಮೀಸಲು.

ಭಾರದ ಜೂಮ್ ಲೆನ್ಸ್ ಮನೆಯಲ್ಲೇ ಇರಲಿ. ಐವತ್ತು ಎಂಎಂ ಲೆನ್ಸೂ ಬೇಡ, ನಿಮ್ಮ ಕ್ಯಾಮೆರಾದ ಸಣ್ಣ ಸೆನ್ಸರ್‌ನಲ್ಲಿ ಅದು ಎಲ್ಲವನ್ನೂ ಹತ್ತಿರಕ್ಕೆ ಎಳೆಯುತ್ತದೆ, ನೋಂದಣಿ ಕಚೇರಿಯ ಇಕ್ಕಟ್ಟು ಕೋಣೆಯಲ್ಲಿ ಹಿಂದೆ ಸರಿದು ಸರಿದು ಗೋಡೆಗೆ ಅಂಟಿಕೊಳ್ಳುತ್ತೀರಿ. ಮೂವತ್ತೈದರದನ್ನು ತನ್ನಿ. ಹಗುರ, ಬೆಳಕನ್ನೂ ಚೆನ್ನಾಗಿ ಹಿಡಿಯುತ್ತದೆ. ಶಟರ್ ವೇಗ ಏರಿಸಿದರೆ ನಡುಕ ಅಷ್ಟಾಗಿ ಕಾಣದು. ಅದರಲ್ಲಿ ತೆಗೆಯಬೇಕೆಂದರೆ ನೀವು ನನ್ನ ಹತ್ತಿರಕ್ಕೇ ಬರಬೇಕು. ನನಗೆ ಬೇಕಿರುವುದೂ ಅಷ್ಟೇ.

ಚಿತ್ರ ಅಲುಗಿದಂತೆ ಬಂದರೆ, ಕದಲಿದ್ದು ನಾನೇ ಎಂದು ಎಲ್ಲರಿಗೂ ಹೇಳುತ್ತೇನೆ.

ನಿಮ್ಮ
ಪುಟ್ಟಿ