ಹಾಕದೆ ಉಳಿಸಿದ ದಾಳಿ ಕಾರ್ಡು

ನೋಡಮ್ಮ ಸೊಸೆ,

ಟೈಲರ್ ಅಂಗಡಿಗೆ ಹೊರಟೆ. ಹಾಲು ಕಾಯಿಸಿದೀನಿ, ಆರಿದ ಮೇಲೆ ಫ್ರಿಜ್ಜಲ್ಲಿಡು. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತೆ, ಬಿಗಿಯಾಗಿ ತಿರುಗಿಸು.

ಈಗ ಮುಖ್ಯ ವಿಷಯ. ಆಟ ಮುಗಿಸಿ ಮೇಜಿನ ಮೇಲೆ ನೀನು ಬೋರಲು ಹಾಕಿಟ್ಟಿದ್ದ ಕಾರ್ಡುಗಳನ್ನ ಬೆಳಿಗ್ಗೆ ಎತ್ತಿಡುವಾಗ ನೋಡಿದೆ. ಅದರಲ್ಲಿ ದಾಳಿ ಕಾರ್ಡಿತ್ತು! ನಿನ್ನೆ ಸಂಜೆ ಅದನ್ನ ಹಾಕಿದ್ದರೆ ನನ್ನ ಐದು ಕಾರ್ಡಲ್ಲಿ ಎರಡನ್ನ ನಾನು ಬಿಡಬೇಕಿತ್ತು, ಆಟ ನಿನ್ನದಾಗ್ತಿತ್ತು. ನೀನೋ, "ಮತ್ತೆ ನೀವೇ ಗೆದ್ರಿ ಅತ್ತೆ" ಅಂತ ಚಪ್ಪಾಳೆ ತಟ್ಟಿದೆ. ನನ್ನ ಕಿವಿ ಮೇಲೆ ಹೂವಿಡ್ತೀಯಾ?

ಇವತ್ತು ಹೀಗೆ ಆಡು. ಆಟದ ದುಡ್ಡಲ್ಲಿ ಕಾರ್ಡು ಕೊಂಡು ಕೊಂಡು ನಮ್ಮ ನಮ್ಮ ಕಟ್ಟು ಬೆಳೆಸೋ ಆಟ ಇದು, ಹಾಗಾಗಿ ದಾಳಿ ಕಾರ್ಡನ್ನ ಶುರುವಿನಲ್ಲೇ ಕೊಂಡುಕೋ. ಬೇಗ ಕೊಂಡಷ್ಟೂ, ಕಟ್ಟು ಕಲಸಿದಾಗಲೆಲ್ಲ ಅದು ಸುತ್ತಿ ಸುತ್ತಿ ಕೈಗೆ ಬರುತ್ತೆ. ಎರಡು ಸಾಕು, ಮೂರಾದ್ರೆ ಬೇರೆ ಒಳ್ಳೆ ಕಾರ್ಡಿಗೆ ಜಾಗ ಇರಲ್ಲ. ಬಂದ ಕೂಡಲೇ ಹಾಕು, ನಾನು ಐದೂ ಹಿಡಿದು ಬೀಗ್ತಿರುವಾಗಲೇ ಹಾಕು. ನನ್ನ ಮುಖ ನೋಡ್ಬೇಡ.

ಇದೇ ಮೇಜಲ್ಲಿ ನನ್ನ ಅತ್ತೆ ಜೊತೆ ಹನ್ನೊಂದು ವರ್ಷ ಇಸ್ಪೀಟಾಡಿದೆ, ಬೇಕಂತಲೇ ಸೋತೆ. "ಪಾಪ, ಇವಳಿಗೆ ತಲೆ ಓಡಲ್ಲ" ಅಂದುಕೊಂಡೇ ಅವರು ಕಣ್ಣು ಮುಚ್ಚಿದರು. ಒಂದೇ ಮನೆಯಲ್ಲಿದ್ದೂ ನಾನ್ಯಾರು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ತಪ್ಪು ಅವರದಲ್ಲ, ನಾನು ತೋರಿಸಲೇ ಇಲ್ಲ.

ಆರಕ್ಕೆ ಬರ್ತೀನಿ, ಕಾರ್ಡು ಕಲಸಿಟ್ಟಿರು. ಸೋತರೂ ಪರವಾಗಿಲ್ಲ, ಆದರೆ ನನಗೊಂದು ಏಟು ಕೊಡದೆ ಮೇಜು ಬಿಟ್ಟು ಏಳಬೇಡ.

ಅತ್ತೆ