ಎಡಕ್ಕೆ ಬಿದ್ದ ಹೂವೂ ಲೆಕ್ಕಕ್ಕೆ

ರಾಜಾನುಕುಂಟೆ
ಬುಧವಾರ, ೭ ಆಗಸ್ಟ್ ೨೦೨೪

ಪ್ರೀತಿಯ ಅಪ್ಪನಿಗೆ, ನಿನ್ನ ಹರ್ಷಿತಾಳ ನಮಸ್ಕಾರ.

ಮೊಣಕಾಲು ಹೇಗಿದೆ? ಕ್ರೇನಿನ ಏಣಿ ಹತ್ತುವಾಗ ಈಗಲೂ ಕಟಕಟ ಅನ್ನುತ್ತದಾ? ಅಮ್ಮ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ರೂಮಿನವರಿಗೆಲ್ಲ ಹಂಚಿ ಕೈ ತೊಳೆದುಕೊಂಡೆಯೋ? ಮಸ್ಕತ್ತಿನ ಬಿಸಿಲಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ಈ ಕಾಲದಲ್ಲಿ ಇವಳು ಕಾಗದ ಯಾಕೆ ಬರೆದಳು ಅಂತ ನಗಬೇಡ. ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಬಾಲರಾಜ್ ಚಿಕ್ಕಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ವಾಟ್ಸಾಪಿನಲ್ಲಿ ಎಷ್ಟು ಉದ್ದ ಬರೆದರೂ ನೀನು ಒಂದು ಹೆಬ್ಬೆಟ್ಟು ಎತ್ತಿ ಸುಮ್ಮನಾಗುತ್ತೀಯ. ಎದುರುಮನೆ ಮೆಹಬೂಬ್ ಬೀಯವರ ಮಗ ರಜೆ ಮುಗಿಸಿ ನಾಳೆ ನಿಮ್ಮ ಕ್ಯಾಂಪಿಗೇ ವಾಪಸ್ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಶುಕ್ರವಾರ ಹೇಗೂ ನಿನಗೆ ರಜೆ, ಕೂತು ಪೂರ್ತಿ ಓದು.

ಸುತ್ತಿ ಬಳಸುವುದು ಬೇಡ. ಕೋಲ್ಕತ್ತದಲ್ಲಿ ನನಗೆ ಎಂ.ಎಸ್ಸಿ. ಫಿಸಿಕ್ಸ್ ಸೀಟು ಸಿಕ್ಕಿದ್ದು ನಿನಗೆ ಗೊತ್ತು. ಅಲ್ಲಿ ಹೋಗಿ ಸೇರಿಕೊಳ್ಳಲು ಬರುವ ಸೋಮವಾರವೇ ಕಡೆಯ ದಿನ. ಅದೇ ಸೋಮವಾರ ಇಲ್ಲಿ ನನಗೆ ಹೂ ಮುಡಿಸುವ ಶಾಸ್ತ್ರ ಅಂತ ಚಿಕ್ಕಪ್ಪ ಗೊತ್ತು ಮಾಡಿದ್ದಾರೆ. ಆಷಾಢ ಕಳೆಯುವುದನ್ನೇ ಕಾಯುತ್ತಿದ್ದರು. ಹುಡುಗ ಅಬ್ಬಿಗೆರೆಯವನು, ಪೇಂಟ್ ಅಂಗಡಿ ಇದೆ, ಕೆಟ್ಟವನೇನಲ್ಲ. ಆದರೆ ಮದುವೆಯಾದ ಮೇಲೆ ಓದು ಗೀದು ಬೇಡ ಅಂತ ಅವನ ಮನೆಯವರು ಮೊದಲೇ ಹೇಳಿದರು, ಚಿಕ್ಕಪ್ಪ ‘ಅದ್ಕೇನಂತೆ’ ಅಂದುಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳುತ್ತಿದ್ದೇನೆ, ನನಗೆ ಒಪ್ಪಿಗೆಯಿಲ್ಲ.

ಸಂಬಂಧ ಕುದುರುವ ಮೊದಲು ಪಟಾಲಮ್ಮನ ಗುಡಿಯಲ್ಲಿ ಹೂ ಕೇಳುವುದು ನಮ್ಮ ಮನೆತನದ ಪದ್ಧತಿಯಲ್ಲವೇ. ತಾಯಿಯ ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ನಿನಗೂ ಅಮ್ಮನಿಗೂ ಕೇಳಿದಾಗ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಲಕ್ಕೆ ಬಿತ್ತೆಂದು ಅಜ್ಜಿ ಇವತ್ತಿಗೂ ಹೇಳುತ್ತಾಳೆ. ಆಷಾಢದ ಕಡೆಯ ಶುಕ್ರವಾರ ಎಲ್ಲರೂ ಹೋದೆವು. ಪೂಜಾರಿ ಒದ್ದೆ ಹೂಗಳನ್ನು ತಾಯಿಯ ಎರಡೂ ಭುಜಕ್ಕೆ ಅಂಟಿಸಿದರು. ಕಾದು ಕೂತೆವು, ಎಡಗಡೆಯದು ಬಿತ್ತು. ಹೂ ಬಾಡಿತ್ತು, ಇದು ಲೆಕ್ಕಕ್ಕಿಲ್ಲ ಅಂದರು ಚಿಕ್ಕಪ್ಪ. ಹೊಸ ಹೂ ಇಟ್ಟರೆ ಮತ್ತೆ ಎಡಕ್ಕೇ. ಯಾರೋ ಗಂಟೆ ಹೊಡೆದದ್ದಕ್ಕೆ ಅಲುಗಿತು ಅಂದರು. ಆಮೇಲೆ ಬಲಗಡೆಯದು ಬಿದ್ದಾಗ ಮಾತ್ರ ಹೂವೂ ಬಾಡಿರಲಿಲ್ಲ, ಗಂಟೆಯೂ ಹೊಡೆದಿರಲಿಲ್ಲ. ‘ನೋಡಿದ್ರಾ, ಅಮ್ಮ ಕೊಟ್ಲು’ ಅಂತ ಕೈ ಮುಗಿದರು. ಅಜ್ಜಿಗೆ ತಡೆಯಲಾಗಲಿಲ್ಲ. ‘ಎಡಕ್ ಕೊಟ್ಮೇಲೆ ಮುಗೀತ್ ಕಣ್ಲಾ ಬಾಲ. ಇಂಗೆ ಕೇಳಿದ್ದೇ ಕೇಳಕ್ಕೆ ಅವ್ಳೇನ್ ನಿನ್ ಮನೆ ಆಳಾ’ ಅಂದಳು. ಚಿಕ್ಕಪ್ಪ ಕೇಳಿಸಿಕೊಳ್ಳದವರ ಹಾಗೆ ಕಾಯಿ ಒಡೆಸಿಕೊಂಡು ಹೊರಟರು.

ಹೋದ ಸಲ ರಜೆಗೆ ಬಂದಾಗ ‘ಅದೇನ್ ಓದ್ತೀಯ ಮಗ್ಳೇ’ ಅಂತ ಕೇಳಿದ್ದೆ. ಆಗಲೇ ನೆಂಟರು ಬಂದು ಮಾತು ಅರ್ಧಕ್ಕೆ ನಿಂತಿತು. ಈಗ ಕೇಳು. ತೆಳು ತಗಡಿನಲ್ಲಿ ಅಕ್ಕಪಕ್ಕ ಎರಡು ಸೀಳು, ಅದರಾಚೆ ಒಂದು ಪರದೆ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಡುತ್ತಾರೆ. ಪ್ರತಿಯೊಂದೂ ಪರದೆಯ ಮೇಲೆ ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಒಂದು ಕಡೆ ಮಾತ್ರ ಬೀಳುತ್ತದೆ. ಮುಂದಿನದು ಎಲ್ಲಿ ಬೀಳುತ್ತದೆಂದು ಯಾರೂ ಹೇಳಲಾರರು. ನಮ್ಮ ಉಪಕರಣ ಸಾಲದು ಅಂತಲ್ಲ, ಮೊದಲೇ ಗೊತ್ತುಮಾಡಿಟ್ಟ ಜಾಗವೇ ಇಲ್ಲ ಅನ್ನುತ್ತದೆ ನಮ್ಮ ಪಾಠ. ಆದರೆ ಸಾವಿರಾರು ಬಿದ್ದ ಮೇಲೆ ನೋಡಿದರೆ ಚುಕ್ಕಿಗಳು ಪಟ್ಟೆಪಟ್ಟೆಯಾಗಿ ನಿಂತಿರುತ್ತವೆ, ಎರಡೂ ಸೀಳಿನಿಂದ ಅಲೆ ಹೊರಟು ಬಂದು ಕೂಡಿಕೊಂಡಂತೆ. ಯಾವ ಸೀಳಿನಿಂದ ಹೋಯಿತೆಂದು ಕಾವಲು ಕೂತರೆ ಆ ಪಟ್ಟೆಗಳೇ ಮಾಯ. ಬೆಳಕಿನ ಕಥೆಯೂ ಇದೇ. ಇದನ್ನು ಮೊದಲ ಸಲ ಕೇಳಿದ ದಿನ ನನಗೆ ಊಟ ಸೇರಲಿಲ್ಲ ಅಪ್ಪ, ಅಷ್ಟು ಖುಷಿಯಾಗಿತ್ತು. ಜ್ವರ ಬಂತೇನೋ ಅಂತ ಅಮ್ಮ ಹಣೆ ಮುಟ್ಟಿ ನೋಡಿದಳು. ಆ ಪಟ್ಟೆ ಕಾಣಬೇಕಾದರೆ ಬಿದ್ದ ಚುಕ್ಕಿಗಳನ್ನೆಲ್ಲ ಇಟ್ಟುಕೊಳ್ಳಬೇಕು, ನಮಗೆ ಬೇಡವಾದದ್ದನ್ನೂ. ನಮಗೆ ಪಾಠ ಮಾಡಿದ ಐಶ್ವರ್ಯ ಮೇಡಂ ವಿಜಯಪುರದ ಕಡೆಯವರು. ‘ನಿನಗ ಬೇಕಾದ ರೀಡಿಂಗ್ ಅಷ್ಟ ಇಟ್ಕೊಂಡು ಉಳಿದದ್ದು ಒಗದ್ರ ಅದು ಪ್ರಯೋಗ ಅಲ್ಲ ತಂಗಿ, ಹಠ ಆಗ್ತದ’ ಅನ್ನುತ್ತಿದ್ದರು. ಚಿಕ್ಕಪ್ಪನದೂ ಅದೇ ಹಠ. ತಾಯಿಯ ಮೇಲೆ ನನಗೇನೂ ಜಗಳವಿಲ್ಲ. ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಳು, ಇವರಿಗೆ ಅದು ಬೇಕಾಗಿರಲಿಲ್ಲ.

ಇದನ್ನೆಲ್ಲ ಚಿಕ್ಕಪ್ಪನ ಮುಖಕ್ಕೇ ಹೇಳಿದ್ದೇನೆ, ಬೆನ್ನ ಹಿಂದೆ ಅಲ್ಲ. ‘ಹಣೇಲಿ ಬರ್ದಿರೋದ್ನ ತಪ್ಸಕ್ಕಾಗಲ್ಲ ಕಣಮ್ಮ’ ಅಂದರು. ಒಂದು ಎಲೆಕ್ಟ್ರಾನಿಗೇ ಬೀಳುವ ಜಾಗ ಬರೆದಿಟ್ಟಿಲ್ಲ, ನನಗೆ ಅಬ್ಬಿಗೆರೆ ಅಂತ ಬರೆದವರು ಯಾರು ಅಂದೆ. ಆಗ ಶುರುವಾಯಿತು ನೋಡು ಕೂಗಾಟ, ಬೀದಿಯವರೆಲ್ಲ ಇಣುಕುವ ಹಾಗೆ. ಲ್ಯಾಬಿನಲ್ಲಿ ಲೋಹದ ಮೇಲೆ ಬೆಳಕು ಬಿಟ್ಟು ಎಲೆಕ್ಟ್ರಾನ್ ಹೊರಡಿಸುವ ಪ್ರಯೋಗವಿದೆ. ಕೆಲವು ಲೋಹಗಳಲ್ಲಿ ಕೆಂಪು ಬೆಳಕನ್ನು ಎಷ್ಟು ಜೋರಾಗಿ ಬಿಟ್ಟರೂ ಒಂದು ಎಲೆಕ್ಟ್ರಾನೂ ಜಗ್ಗುವುದಿಲ್ಲ, ನೇರಳೆ ಬೆಳಕು ಮಂಕಾಗಿದ್ದರೂ ಸಾಕು, ಎದ್ದು ಹೊರಡುತ್ತದೆ. ಚಿಕ್ಕಪ್ಪನ ಮುಖ ಕೆಂಪಾಗುವಾಗ ಅದು ನೆನಪಾಗಿ ನಗು ಬಂತು, ಅದಕ್ಕೆ ಇನ್ನಷ್ಟು ಕೂಗಿದರು. ನೀನಿಲ್ಲದಾಗ ನಮ್ಮನ್ನು ನೋಡಿಕೊಂಡವರು ಅವರೇ. ಅಜ್ಜಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರೂ ಅವರೇ. ಅದನ್ನು ಮರೆತರೆ ನಾನು ಮನುಷ್ಯಳೇ ಅಲ್ಲ. ಆದರೆ ಆ ಋಣಕ್ಕೆ ನನ್ನ ಓದನ್ನು ಕೊಡುವುದಿಲ್ಲ.

ಶನಿವಾರ ಬೆಳಿಗ್ಗೆ ಯಶವಂತಪುರದಿಂದ ರೈಲು. ಅಮ್ಮ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ, ಹುರಿಹಿಟ್ಟು ಮಾಡಿ ಡಬ್ಬಿ ತುಂಬಿಸಿ ನನ್ನ ಬ್ಯಾಗಿನ ತಳದಲ್ಲಿ ಇಟ್ಟಿದ್ದಾಳೆ. ಹುಡುಗನಿಗೆ ನಾನೇ ಫೋನ್ ಮಾಡಿ ಹೇಳಿದೆ. ‘ಸರಿ ಬಿಡಿ, ಇಷ್ಟ ಇಲ್ದೆ ಯಾಕೆ’ ಅಂದ. ಪಾಪ, ಅವನನ್ನೂ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವನ ಮನೆಯವರು ಮಾತ್ರ ಸೋಮವಾರ ಬಂದೇ ಬರುತ್ತಾರಂತೆ. ಬರಲಿ, ಕಾಫಿ ಕುಡಿದು ಹೋಗಲಿ.

ಮಗನ ತಲೆ ಸವರಿದೆ ಅಂತ ಬರಿ ಅಂದಳು ಅಜ್ಜಿ, ಬರೆದಿದ್ದೇನೆ. ಅಮ್ಮ ನಿನಗೆ ಉಪ್ಪಿನಕಾಯಿ ಕಟ್ಟುತ್ತಿದ್ದಾಳೆ, ಅದನ್ನೇ ಅವಳ ಮಾತು ಅಂದುಕೋ. ಮೈ ಕಡೆ ಜೋಪಾನ.

ಯಾರ ಕೂಗಿಗೂ ಜಗ್ಗದ ನಿನ್ನ ಮಗಳು,
ಹರ್ಷಿತಾ

ವಿ.ಸೂ.: ಮೆಹಬೂಬ್ ಬೀಯವರ ಮಗ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಚಿಕ್ಕಪ್ಪ ಕಡೆಯಲ್ಲಿ ಅಂದ ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ‘ನಿಮ್ಮಪ್ಪನೇ ಹೂಂ ಅಂದವ್ನೆ, ಬೇಕಾದ್ರೆ ಕೇಳ್ಕೋ ಹೋಗು’ ಅಂದರು. ಅದಕ್ಕೇ ಕೇಳುತ್ತಿದ್ದೇನೆ. ಅಂದೆಯಾ ಅಪ್ಪ? ಶುಕ್ರವಾರ ನನ್ನ ಫೋನಿಗೆ ಮಾಡು, ಗೇಟಿನಾಚೆ ಹೋಗಿ ಒಬ್ಬಳೇ ಮಾತಾಡುತ್ತೇನೆ. ನೀನು ಹೂಂ ಅಂದಿದ್ದರೂ ನಾನು ಹೋಗುತ್ತೇನೆ. ಅಂದಿಲ್ಲ ಅಂತ ಗೊತ್ತಾದರೆ ಅಳದೆ ಹೋಗುತ್ತೇನೆ.