ಮೊಣಕಾಲಿಗೇ ಮುಗಿದವರು

ಮಾರ್ಚ್ ೧೧, ಮಂಗಳವಾರ

ತಂಗಿಯ ಮಾತು ಬೆಳಗ್ಗೆಯಿಂದ ತಲೆ ಕೊರೆಯುತ್ತಿದೆ. ಪ್ರದರ್ಶನಕ್ಕೆ ಚಿತ್ರಗಳನ್ನು ಕಟ್ಟಿಕೊಡಲು ಬಂದಿದ್ದಳು. ಒಂದೊಂದನ್ನೇ ಗೋಡೆಗೆ ಒರಗಿಸಿ ನೋಡಿ, "ಅಕ್ಕಾ, ಇವರಿಗೆ ಯಾರಿಗೂ ಕಾಲೇ ಇಲ್ವಲ್ಲ?" ಎಂದಳು.

"ಕಾಗದ ಸಾಲಲಿಲ್ಲ."

"ಪ್ರತಿ ಸಲಾನೂ?"

ಎಡ ಹಿಮ್ಮಡಿಯ ನರ ಹರಿದು ಕುಣಿತ ನಿಂತ ಮೇಲೆ ಬ್ರಷ್ ಹಿಡಿದವಳು ನಾನು. ಬರೆದದ್ದೆಲ್ಲ ನರ್ತಕಿಯರನ್ನೇ. ಎಲ್ಲರೂ ಮೊಣಕಾಲಿಗೇ ಮುಗಿದಿದ್ದಾರೆ. ಇವತ್ತಿನವರೆಗೂ ನನಗದು ಕಂಡೇ ಇರಲಿಲ್ಲ.

ಅವಳು ಚಪ್ಪಲಿ ಬಿಟ್ಟು ಸ್ಟೂಲು ಹತ್ತಿ ನಿಂತಳು. "ಇಗೋ, ನನ್ನದನ್ನ ಬರಿ. ಬಟ್ಟೆ ಅಂಗಡೀಲಿ ನಿಂತೂ ನಿಂತೂ ಬನ್ ಥರ ಊದ್ಕೊಂಡಿವೆ. ಅವಕ್ಕೇನೂ ನಾಚಿಕೆ ಇಲ್ಲ."

ಬರೆದೆ. ವಾರೆಯಾದ ಹೆಬ್ಬೆರಳು, ಬಿರಿದ ಹಿಮ್ಮಡಿ. ವೇದಿಕೆಯ ಮೇಲಿದ್ದಷ್ಟು ವರ್ಷ ನನ್ನ ಕಾಲಿಗೆ ಅಪ್ಪಣೆ ಕೊಟ್ಟಿದ್ದೇನೆ, ಆಮೇಲೆ ಅದರ ಮೇಲೆ ಮುನಿಸಿಕೊಂಡಿದ್ದೇನೆ. ಹೀಗೆ ಸುಮ್ಮನೆ ಕೂತು ಒಂದು ಪಾದವನ್ನು ನೋಡಿದ್ದೇ ಇಲ್ಲ.

"ಅಯ್ಯೋ, ಇಷ್ಟು ದಪ್ಪಾನಾ?" ಎಂದು ನಕ್ಕಳು. ಆದರೂ ಹಾಳೆಯನ್ನು ಸುತ್ತಿಕೊಂಡು ಹೋದಳು, ಮಾರಲು ಬಿಡುವುದಿಲ್ಲವಂತೆ.

ಅವಳು ಹೋದ ಮೇಲೆ ಕಾಲುಚೀಲ ಕಳಚಿ ಕನ್ನಡಿಯ ಮುಂದೆ ಕೂತೆ. ಬಲಗಾಲು ಹಾಳೆಯ ಮೇಲೆ ಸಲೀಸಾಗಿ ಬಂತು. ಎಡಗಾಲನ್ನೂ ಅದರ ಹೊಲಿಗೆಯ ಗುರುತನ್ನೂ ಬಹಳ ಹೊತ್ತು ನೋಡಿದೆ. ಕೋಪ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಪಾಪ, ಎಷ್ಟು ದಣಿದಿತ್ತೋ ಅನ್ನಿಸಿತು. ಬೆರಳುಗಳನ್ನು ಬರೆದು ಮುಗಿಸಿದ್ದೇನೆ. ಹಿಮ್ಮಡಿ ಇನ್ನೂ ಬಾಕಿ. ಕಣ್ಣು ಎಳೆಯುತ್ತಿದೆ, ನಾಳೆ ಒಳ್ಳೆಯ ಬೆಳಕಿನಲ್ಲಿ…